ಜೈಲಿನಲ್ಲಿರುವ ಅಣ್ಣನ ದಾವೆ ಗೈರುಹಾಜರಿಯಿಂದ ವಜಾ ಆಗಿದೆ: ಹೊಸದಾಗಿ ಹೂಡಬಹುದೇ?

ಪ್ರಶ್ನೆ (ಸಿರುಗುಪ್ಪ, ಬಳ್ಳಾರಿ ಜಿಲ್ಲೆ)

ಸಜಾಬಂದಿಯಾಗಿರುವ ನನ್ನ ಅಣ್ಣ, ಜೈಲಿನಲ್ಲಿ ಮುರಿದ ಕೈಗೆ ಸಕಾಲದಲ್ಲಿ ಚಿಕಿತ್ಸೆ ಕೊಡಿಸಲಿಲ್ಲವೆಂದು ಸರ್ಕಾರದಿಂದ ಪರಿಹಾರ ಕೋರಿ ಸಿವಿಲ್ ದಾವೆ ಹೂಡಿದ್ದನು. ನಡುವೆ ಅವನನ್ನು ಬೇರೆ ಜೈಲಿಗೆ ವರ್ಗಾಯಿಸಿದರು. ವಕೀಲರು ಹಳೆಯ ಜೈಲಿಗೆ ಬರೆದ ಪತ್ರ 'ವಿಳಾಸದಾರರು ಇಲ್ಲಿಲ್ಲ' ಎಂಬ ಷರಾ ಹೊತ್ತು ಹಿಂದಿರುಗಿತು; ಆಮೇಲೆ ಎರಡು ವಿಚಾರಣಾ ಮುದ್ದತಿಗೆ ವಕೀಲರೂ ಹೋಗಲಿಲ್ಲ, ಮೂರನೆಯದರಲ್ಲಿ ದಾವೆ ವಜಾ ಆಯಿತು. ನಮಗೆ ತಿಳಿಯುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದವು. ಅಣ್ಣನನ್ನು ಕೋರ್ಟಿಗೆ ಕರೆತರಲೇ ಇಲ್ಲವೆಂದ ಮೇಲೆ ಗೈರುಹಾಜರಿ ಅವನ ತಪ್ಪು ಹೇಗಾಗುತ್ತದೆ? ಈಗ ಹೊಸ ದಾವೆಯೋ, ಮೇಲ್ಮನವಿಯೋ?

ಉತ್ತರ (ರಾಯಚೂರು, ವಕೀಲ)

ಸದ್ಯಕ್ಕೆ ಎರಡೂ ಅಲ್ಲ. ಮೊದಲು ಆರ್ಡರ್ ಶೀಟಿನ (ಪ್ರತಿ ಮುದ್ದತಿನಲ್ಲಿ ಕೋರ್ಟಿನಲ್ಲಿ ನಡೆದದ್ದನ್ನು ಬರೆದಿಡುವ ಹಾಳೆಯ) ದೃಢೀಕೃತ ನಕಲು ಪಡೆದು, ವಜಾ ಆದ ದಿನ ಸರ್ಕಾರಿ ವಕೀಲರು ಹಾಜರಿದ್ದರೇ ಎಂಬುದನ್ನು ನೋಡಿರಿ. ಎರಡೂ ಕಡೆಯವರು ಗೈರಾಗಿದ್ದರೆ ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ (ಸಂಹಿತೆಯಲ್ಲಿ ನಿಯಮಗಳ ಅಧ್ಯಾಯಕ್ಕೆ 'ಆದೇಶ' ಎನ್ನುತ್ತಾರೆ) 3ನೇ ನಿಯಮದ ವಜಾ. ಕಾಲಮಿತಿ ಉಳಿದಿದ್ದರೆ ಹೊಸ ದಾವೆಗೂ ಅವಕಾಶವುಂಟು. ಪ್ರತಿವಾದಿ ಹಾಜರಿದ್ದು ವಾದಿ ಮಾತ್ರ ಗೈರಾಗಿದ್ದರೆ 8ನೇ ನಿಯಮ ಅನ್ವಯಿಸುತ್ತದೆ, ಆಗ ಅದೇ ಕಾರಣದ ಮೇಲೆ ಹೊಸ ದಾವೆ ಹೂಡುವಂತಿಲ್ಲ. 9ನೇ ನಿಯಮದಡಿ ವಜಾ ಆದೇಶವನ್ನು ರದ್ದುಪಡಿಸಲು ಅರ್ಜಿ ಹಾಕಬೇಕು. ಆ ಅರ್ಜಿ ತಿರಸ್ಕೃತವಾದರೆ ಮಾತ್ರ 43ನೇ ಆದೇಶದಡಿ ಮೇಲ್ಮನವಿ.

ಅರ್ಜಿಗೆ 30 ದಿನಗಳ ಗಡುವು ವಜಾ ಆದ ದಿನದಿಂದಲೇ ಎಣಿಕೆಯಾಗುತ್ತದೆ, ತಮಗೆ ತಿಳಿದ ದಿನದಿಂದಲ್ಲ. ಹಾಗಾಗಿ ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ ಅಡಿ ವಿಳಂಬ ಮನ್ನಿಸುವಂತೆ ಪ್ರತ್ಯೇಕ ಅರ್ಜಿಯೂ ಬೇಕು. 'ಕರೆತರಲಿಲ್ಲ' ಎಂಬ ವಾದವನ್ನು ಹೆಚ್ಚು ನೆಚ್ಚಬೇಡಿರಿ: ಸಿವಿಲ್ ದಾವೆಯಲ್ಲಿ ವಕೀಲರ ಹಾಜರಿಯೇ ಸಾಕಾಗುವುದರಿಂದ 'ವಕೀಲರೇಕೆ ಬರಲಿಲ್ಲ' ಎಂದು ನ್ಯಾಯಾಧೀಶರು ತಿರುಗಿಸಿ ಕೇಳುತ್ತಾರೆ. ತಮ್ಮ ನಿಜವಾದ ಬಲ ಆ ಹಿಂದಿರುಗಿದ ಲಕೋಟೆ; ವಕೀಲರ ಪತ್ರ ಅಣ್ಣನಿಗೆ ತಲುಪಲಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಉತ್ತರ (ಕೊಪ್ಪಳ)

ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಉಚಿತ ವಕೀಲರು ದೊರೆಯುತ್ತಾರೆ. ಜಿಲ್ಲಾ ಪ್ರಾಧಿಕಾರಕ್ಕೆ ಜೈಲಿನಿಂದಲೇ ಅರ್ಜಿ ಕಳುಹಿಸಬಹುದು. ವಕೀಲರ ತಪ್ಪಿಗೆ ಅಮಾಯಕ ಕಕ್ಷಿದಾರ ನಷ್ಟ ಅನುಭವಿಸಬಾರದೆಂದು ಸುಪ್ರೀಂ ಕೋರ್ಟು 1981ರಲ್ಲಿ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ನಾಲ್ಕು ತಿಂಗಳು ಮನೆಯವರೂ ವಿಚಾರಿಸಲಿಲ್ಲವೇಕೆ ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರ ಸಿಗದು. ಅದನ್ನು ಅರ್ಜಿಯೊಂದಿಗಿನ ಪ್ರಮಾಣಪತ್ರದಲ್ಲಿ (ಅಫಿಡವಿಟ್‌ನಲ್ಲಿ) ತಾವೇ ಬರೆಯಬೇಕು.

ಉತ್ತರ (ಬಳ್ಳಾರಿ, ಕಾನೂನು ವಿದ್ಯಾರ್ಥಿ)

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿಯೂ, ಜೈಲು ಬದಲಾದಾಗ ಹೊಸ ವಿಳಾಸ ತಿಳಿಸದ ಕೈದಿಗಳ ನಾಗರಿಕ ಹಕ್ಕುಗಳ ದಾವೆಗಳು ಅಲ್ಲಿನ ಸಿವಿಲ್ ಪ್ರಕ್ರಿಯಾ ನಿಯಮಗಳ 41(ಬಿ) ನಿಯಮದಡಿ ಹೀಗೆಯೇ ವಜಾ ಆಗುತ್ತವೆ. ಅಲ್ಲಿ ವಿಳಾಸ ತಿಳಿಸುವ ಹೊಣೆ ಕೈದಿಯದೇ.

ಪ್ರಶ್ನೆ ಕೇಳಿದವರು

ಆರ್ಡರ್ ಶೀಟ್ ನೋಡಿದೆನು. 'ವಾದಿ ಗೈರು, ಸರ್ಕಾರಿ ವಕೀಲರು ಹಾಜರು' ಎಂದಿದೆ. ಲಕೋಟೆ ಹಳೆಯ ವಕೀಲರ ಕಡತದಲ್ಲಿಯೇ ಇದೆಯಂತೆ. ನಾಳೆ ಹೋಗಿ ತರುತ್ತೇನೆ.