ಹೊಳೆಯುವ ಕಲ್ಲು, ಅಜ್ಜನ ಕೈಗಡಿಯಾರ

ಚಿಕ್ಕಮ್ಮ: ನಮ್ಮ ಕುಟುಂಬದ ಗುಂಪಿಗೆ ನಾನು ಈಗ ಹಾಕಿದ ವಿಡಿಯೊ ನೋಡಿರಿ. ನೇರಳೆ ದೀಪದ ಕೆಳಗೆ ಕೆಂಡದಂತೆ ಹೊಳೆಯುವ ಕಲ್ಲು ಮನೆಯಲ್ಲಿದ್ದರೆ ವಿಕಿರಣ ತಗಲುತ್ತದೆಯಂತೆ. ಹೋದ ಸಲ ನ್ಯೂಜೆರ್ಸಿಯಿಂದ ತಂದುಕೊಟ್ಟದ್ದೂ ಇಂಥದ್ದೇ ಅಲ್ಲವೇ? ಮಗ ಅದನ್ನು ಓದುವ ಮೇಜಿನ ಮೇಲೇ ಇಟ್ಟುಕೊಂಡಿದ್ದಾನೆ.

ದೊಡ್ಡಪ್ಪ: ಗುಣ ತಿಳಿಯದ ವಸ್ತುವನ್ನು ಮನೆಯೊಳಗೆ ತರಬಾರದೆಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ. ಮಕ್ಕಳಿರುವ ಮನೆಗೆ ಉಡುಗೊರೆ ಕೊಡುವವರು ಹತ್ತು ಸಲ ಯೋಚಿಸಬೇಕು.

ಭಾವ: ವಿಕಿರಣವನ್ನು ಅಳೆದವರು ಯಾರು, ಯಾವ ಉಪಕರಣದಿಂದ ಎಂಬುದು ವಿಡಿಯೊದಲ್ಲಿ ಎಲ್ಲಿಯೂ ಇಲ್ಲ. ಉಪ್ಪಿನ ಬಗ್ಗೆ ಸಂದೇಶ ಬಂದಾಗಲೂ ಇದನ್ನೇ ಕೇಳಿದ್ದೆ, ಉತ್ತರ ಬರಲಿಲ್ಲ.

ಚಿಕ್ಕಮ್ಮ: ಉಪ್ಪಿನ ಮಾತು ಈಗೇಕೆ? ತಾಯಿಗೆ ಭಯವಾದರೆ ಕೇಳಲೂಬಾರದೇ?

ಅಕ್ಕ: ಚಿಕ್ಕಮ್ಮ, ಅದು ಫ್ರಾಂಕ್ಲಿನ್ ಗಣಿ ಪ್ರದೇಶದ ಕಲ್ಲು. ಸತುವಿನ ಅದಿರು ತೆಗೆಯುತ್ತಿದ್ದ ಅಲ್ಲಿನ ಗಣಿ 1954ರಲ್ಲಿ ಮುಚ್ಚಿತು. ಹತ್ತಿರದ ಸ್ಟರ್ಲಿಂಗ್ ಹಿಲ್ ಗಣಿ 1986ರಲ್ಲಿ ನಿಂತು ಈಗ ಸಂಗ್ರಹಾಲಯವಾಗಿದೆ. ಹಗಲಲ್ಲಿ ಅದು ಅಲ್ಲಲ್ಲಿ ಕಂದು ಕಣಗಳಿರುವ ಮಾಸಲು ಬಿಳಿ ಕಲ್ಲು ಅಷ್ಟೇ. 254 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ದೀಪ, ಅಂದರೆ ಕಣ್ಣಿಗೆ ಕಾಣದ ಬೆಳಕು ಸೂಸುವ ದೀಪ, ಹಿಡಿದರೆ ಬಿಳಿಯ ಕ್ಯಾಲ್ಸೈಟ್ ಕೆಂಪಾಗುತ್ತದೆ, ಕಂದು ಕಣಗಳಾದ ವಿಲೆಮೈಟ್ ಎಂಬ ಸತುವಿನ ಖನಿಜ ಹಸಿರಾಗುತ್ತದೆ.

ಅಣ್ಣ: ಹಸಿರು ಎಂದೊಡನೆ ಅಜ್ಜನ ‘ರೇಡಿಯಂ ವಾಚು’ ನೆನಪಾಯಿತು. ಕರೆಂಟು ಹೋದ ರಾತ್ರಿಗಳಲ್ಲಿ ನಾವೆಲ್ಲ ಸಾಲಾಗಿ ಮಲಗಿ ಅದರ ಅಂಕಿಗಳನ್ನೇ ನೋಡುತ್ತಿದ್ದೆವು. ಮನೆ ಪಾಲಾದ ಮೇಲೆ ಅದು ಯಾರ ಕೈ ಸೇರಿತೆಂದು ಇಂದಿಗೂ ಯಾರೂ ಹೇಳಿಲ್ಲ.

ದೊಡ್ಡಪ್ಪ: ಪಾಲಿನ ಮಾತು ಇಲ್ಲಿ ಬೇಡ. ಆದರೆ ಆ ಗಡಿಯಾರ ನನಗೆಂದು ಅಪ್ಪ ಹೇಳಿದ್ದರು.

ನಾನು: ದೊಡ್ಡಪ್ಪ, ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಆ ಗಡಿಯಾರದಲ್ಲೇ ಇದೆ. ಲಾರಿಯ ಹಿಂದಿನ ಸ್ಟಿಕ್ಕರಿನಿಂದ ಹಿಡಿದು ಕತ್ತಲಲ್ಲಿ ಹೊಳೆಯುವ ಎಲ್ಲಕ್ಕೂ ನಾವು ವಿಕಿರಣ ಸೂಸುವ ಲೋಹವಾದ ರೇಡಿಯಂನ ಹೆಸರನ್ನೇ ಹೇಳಿ ರೂಢಿಯಾಗಿರುವುದರಿಂದ ಈ ಭಯ ಹುಟ್ಟುತ್ತದೆ. ಕ್ಯಾಲ್ಸೈಟ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದಕಲ್ಲಿನಲ್ಲಿರುವುದೂ ಅದೇ. ಫ್ರಾಂಕ್ಲಿನ್ ಕಲ್ಲಿನಲ್ಲಿ ಕ್ಯಾಲ್ಸಿಯಂ ಇರಬೇಕಾದ ಕೆಲವು ಜಾಗಗಳಲ್ಲಿ ಮ್ಯಾಂಗನೀಸ್ ಸೇರಿಕೊಂಡಿದೆ. ಅತ್ಯಲ್ಪ ಪ್ರಮಾಣದ ಸೀಸವು ನೇರಳಾತೀತ ಕಿರಣವನ್ನು ಹೀರಿ ಆ ಶಕ್ತಿಯನ್ನು ಮ್ಯಾಂಗನೀಸಿಗೆ ದಾಟಿಸುತ್ತದೆ, ಅದು ಕೆಂಪು ಬೆಳಕಾಗಿ ಹೊರಬೀಳುತ್ತದೆ. ಕಬ್ಬಿಣ ಹೆಚ್ಚಿದ್ದರೆ ಹೊಳಪು ಅಡಗಿಹೋಗುತ್ತದೆ, ಆದ್ದರಿಂದ ಎಲ್ಲ ಕ್ಯಾಲ್ಸೈಟೂ ಹೊಳೆಯುವುದಿಲ್ಲ. ದೀಪ ಆರಿಸಿರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪು ಮಾಯವಾಗುತ್ತದೆ. ಈ ಹೊಳಪು ದೀಪದಿಂದ ಬಂದದ್ದು, ವಿಕಿರಣದಿಂದಲ್ಲ.

ಚಿಕ್ಕಮ್ಮ: ಸೀಸ ಎಂದೆಯಲ್ಲ?

ನಾನು: ಅದು ಹರಳಿನೊಳಗೆ ಬಂಧಿಯಾಗಿದೆ, ಕಲ್ಲು ಮುಟ್ಟಿದ ಮೇಲೆ ಕೈ ತೊಳೆದರೆ ಸಾಕು. ಎಚ್ಚರ ಬೇಕಾದದ್ದು ಆ ದೀಪದ ಬಗ್ಗೆ; ಮಗ ಅದನ್ನು ನೇರವಾಗಿ ನೋಡದಂತೆ ನೋಡಿಕೊಳ್ಳಿ. ಅಜ್ಜನ ಗಡಿಯಾರದ ಕತೆ ಬೇರೆ. ಯಾವ ದೀಪದ ಹಂಗೂ ಇಲ್ಲದೆ ರಾತ್ರಿಯಿಡೀ ಹೊಳೆಯುತ್ತಿದ್ದ ಹಳೆಯ ಗಡಿಯಾರಗಳ ಅಂಕಿಗಳಿಗೆ ನಿಜವಾದ ರೇಡಿಯಂ ಬಳಿಯುತ್ತಿದ್ದರು. ಬಣ್ಣದಲ್ಲಿದ್ದ, ರೇಡಿಯಂನ ವಿಕಿರಣ ಬಿದ್ದು ಹೊಳೆಯುವ ಸತುವಿನ ಸಲ್ಫೈಡ್ ಸವೆದು ಹೊಳಪು ಆರಿರಬಹುದು, ರೇಡಿಯಂ ಮಾತ್ರ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಅದು ಯಾರ ಬಳಿಯಿದ್ದರೂ ಗಾಜು ಬಿಚ್ಚಬೇಡಿರಿ.

ಅತ್ತೆ: ಗಡಿಯಾರ ನನ್ನ ಬೀರುವಿನಲ್ಲಿದೆ. ಆಸ್ಪತ್ರೆಗೆ ಹೊರಟ ದಿನ ಅಪ್ಪ ಕೈಯಿಂದ ಬಿಚ್ಚಿ ನನಗೆ ಕೊಟ್ಟರು. ಮನಸ್ತಾಪವಾದೀತೆಂದು ಹೇಳಲಿಲ್ಲ. ಈಗ ಗಾಜು ಬಿರುಕು ಬಿಟ್ಟಿದೆ.

ನಾನು: ಅತ್ತೆ, ಒರೆಸಬೇಡಿ. ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಮುಚ್ಚಿ, ಕೈ ತೊಳೆದುಕೊಳ್ಳಿ. ಸಂಜೆ ಬರುತ್ತೇನೆ.