ಅಪ್‌ಡೇಟ್: ಕೇಬಲ್ ಟಿವಿ ಬಿಟ್ಟೆ, ಇಂಟರ್ನೆಟ್ ಹಾಗೇ ಇದೆ

ಜರ್ಮನಿಯ ಲೈಪ್‌ಜಿಗ್‌ನ ನಮ್ಮ ಬಾಡಿಗೆ ಮನೆಗೆ ಬಂದ ಸೇಲ್ಸ್‌ನವರೊಬ್ಬರು, ಟಿವಿ ಕಾಂಟ್ರಾಕ್ಟ್‌ಗೆ ಸೈನ್ ಮಾಡದಿದ್ದರೆ ಕೇಬಲ್ ಇಂಟರ್ನೆಟ್ಟೂ ಹೋಗುತ್ತೆ ಅಂದಿದ್ದರು. ನಿಜವಾ ಅಂತ ಕೇಳಿದ್ದೆ. ಸೈನ್ ಮಾಡಬೇಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ನಾನು ಸೈನ್ ಮಾಡಲಿಲ್ಲ. ಟೆಕ್ನಿಷಿಯನ್ ಬಂದು ಗೋಡೆಯ ಸಾಕೆಟ್‌ನ ಟಿವಿ ಕಡೆಗೆ ಹೆಬ್ಬೆರಳ ಗಾತ್ರದ ಒಂದು ಲೋಹದ ಫಿಲ್ಟರ್ ಹಾಕಿದರು. ಅದು ಟಿವಿ ಸಿಗ್ನಲ್ ಮಾತ್ರ ತಡೆಯುತ್ತದೆ. ಮೋಡೆಮ್ ಪಕ್ಕದಲ್ಲೇ ಹಸಿರು ದೀಪ ಹಚ್ಚಿಕೊಂಡು ಕೆಲಸ ಮಾಡುತ್ತಲೇ ಇತ್ತು. ಒಂದೇ ವೈರ್, ಆದರೆ ಎರಡು ಬೇರೆ ಬೇರೆ ಕಾಂಟ್ರಾಕ್ಟ್, ಅಷ್ಟೇ.

ಮೊದಲು ಕೇಬಲ್ ಟಿವಿ ದುಡ್ಡನ್ನು ಮನೆ ಮಾಲೀಕರು ಬಾಡಿಗೆಯ ಜೊತೆ ಎಲ್ಲರಿಂದಲೂ ವಸೂಲಿ ಮಾಡಬಹುದಿತ್ತು, ಟಿವಿ ನೋಡದವರಿಂದಲೂ. 2024ರ ಜುಲೈ 1ರಿಂದ ಅದು ನಿಂತಿದೆ. ಈ ಬದಲಾವಣೆ ಬೇಕೇ ಬೇಕಿತ್ತು, ಅಲ್ವಾ?

ಈಗ ಕಿಟಕಿ ಹತ್ತಿರ ಸಣ್ಣ ಆಂಟೆನಾ ಇಟ್ಟಿದ್ದೇನೆ. ಇಲ್ಲಿನ ಸಾರ್ವಜನಿಕ ಚಾನೆಲ್‌ಗಳಾದ ಎಆರ್‌ಡಿ, ಝಡ್‌ಡಿಎಫ್ ಎಚ್‌ಡಿಯಲ್ಲೇ ಪುಕ್ಕಟೆ ಬರುತ್ತವೆ. ಖಾಸಗಿ ಚಾನೆಲ್‌ಗಳ ಎಚ್‌ಡಿಗೆ ದುಡ್ಡು ಕೊಡಬೇಕು, ನಮಗೆ ಬೇಡ. ದಕ್ಷಿಣಕ್ಕೆ ಬಾಲ್ಕನಿ ಇರುವವರು ಮಾಲೀಕರನ್ನು ಕೇಳಿ ಡಿಶ್ ಹಾಕಿ, 19.2 ಡಿಗ್ರಿ ಪೂರ್ವದ ಆಸ್ಟ್ರಾ ಉಪಗ್ರಹದಲ್ಲಿ ಚಾನೆಲ್ ಜಾಸ್ತಿ.

ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಮಾತ್ರ ತಪ್ಪಲ್ಲ. ಅದು ಮನೆಗೆ ಇಷ್ಟು ಅಂತ, ಟಿವಿ ಇಲ್ಲದಿದ್ದರೂ ಕಟ್ಟಬೇಕು. ಬಾಗಿಲಲ್ಲಿ ಈಗಾಗಲೇ ಸೈನ್ ಮಾಡಿದವರು ಇದ್ದರೆ, 14 ದಿನದೊಳಗೆ ಬರವಣಿಗೆಯಲ್ಲಿ ರದ್ದು ಮಾಡಬಹುದು. ಕಾರಣ ಕೊಡಬೇಕಾಗಿಲ್ಲ.