ಕ್ಯಾನ್ಸಲ್ ಬಟನ್ನಿಗೆ ಯಾವ ಪದ: ರದ್ದುಮಾಡು, ಬೇಡ, ಬಿಡು?

ಎಲ್ಲರಿಗೂ ನಮಸ್ಕಾರ.

ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್ ಒಂದರ ಕನ್ನಡ ಅನುವಾದವನ್ನು ತಿದ್ದುತ್ತಿದ್ದೇನೆ. ಮೂಲದಲ್ಲಿ ಕ್ಯಾನ್ಸಲ್ ಎಂದಿರುವ ಕಡೆಯೆಲ್ಲ ‘ರದ್ದುಮಾಡು’ ಎಂದು ಹಾಕಿಕೊಂಡು ಬಂದಿದ್ದಾರೆ. ಅದು ಎಲ್ಲ ಕಡೆಗೂ ಹೊಂದುವುದಿಲ್ಲ ಎಂದು ನನ್ನ ಅನಿಸಿಕೆ. ಬದಲಿಗೆ ಏನು ಹಾಕಬೇಕು ಎನ್ನುವುದು ಬಗೆಹರಿಯುತ್ತಿಲ್ಲ, ಅದಕ್ಕೇ ಈ ಪತ್ರ.

ಕನ್ನಡದಲ್ಲಿ ಏನಾದರೂ ರದ್ದಾಗಬೇಕಾದರೆ ಅದು ಮೊದಲೇ ಗೊತ್ತುಮಾಡಿದ್ದಾಗಿರಬೇಕು. ರೈಲು ರದ್ದಾಗುತ್ತದೆ, ಪರೀಕ್ಷೆ ರದ್ದಾಗುತ್ತದೆ, ಆದೇಶ ರದ್ದಾಗುತ್ತದೆ. ಪ್ರಿಂಟರಿನ ಸರದಿಯಲ್ಲಿ ಕೂತ ಕೆಲಸವನ್ನು ತೆಗೆದುಹಾಕಲು ‘ರದ್ದುಮಾಡು’ ಸರಿಯಾಗಿಯೇ ಇದೆ. ಆದರೆ ಕಡತ ತೆರೆಯುವ ಡೈಲಾಗಿಗೆ (ಬಳಕೆದಾರರನ್ನು ಏನಾದರೂ ಕೇಳುವ ಚಿಕ್ಕ ಕಿಟಕಿಗೆ) ಹೋಗಿ, ಏನನ್ನೂ ಆರಿಸದೆ ಹೊರಬರುವವರು ರದ್ದುಮಾಡಿದ್ದಾದರೂ ಏನನ್ನು? ಅಲ್ಲಿ ಬಾಯಿಗೆ ಬರುವ ಮಾತು ‘ಬೇಡ’, ಇಲ್ಲವೇ ‘ಬಿಡು’. ದೊಡ್ಡ ಕಡತವೊಂದು ನಕಲಾಗುತ್ತಿರುವಾಗ ಒತ್ತುವ ಕ್ಯಾನ್ಸಲ್ಲಿಗೆ ‘ನಿಲ್ಲಿಸು’ ಸಾಕು. ಪಕ್ಕದಲ್ಲೇ ತಾತ್ಕಾಲಿಕವಾಗಿ ತಡೆಯುವ ಬಟನ್ ಇದ್ದರೆ ಮಾತ್ರ ಅದೂ ಗೊಂದಲವೇ.

ಬಟನ್ ಮೇಲಿರುವುದು ಯಾರ ಮಾತು ಎಂದು ಕೇಳಿಕೊಂಡರೆ ಅರ್ಧ ಗಂಟು ಬಿಚ್ಚಿಕೊಳ್ಳುತ್ತದೆ. ಡೈಲಾಗಿನ ಒಳಗಿನ ವಾಕ್ಯ ಯಂತ್ರ ಬಳಕೆದಾರರಿಗೆ ಹೇಳುವಂಥದ್ದು, ಆದ್ದರಿಂದ ‘ಕಡತವನ್ನು ಆರಿಸಿ’. ಬಟನ್ ಬಳಕೆದಾರರು ಯಂತ್ರಕ್ಕೆ ಹೇಳುವ ಮಾತು, ಆದ್ದರಿಂದ ‘ಉಳಿಸು’, ‘ಅಳಿಸು’. ಬಟನ್ನಿನಲ್ಲಿ ‘ಉಳಿಸಿ’ ಎಂದು ಬರೆದು ಮರ್ಯಾದೆ ತೋರಿಸಿದೆವು ಎಂದುಕೊಳ್ಳುವವರಿದ್ದಾರೆ. ಆ ಮರ್ಯಾದೆ ಸಲ್ಲುವುದು ಕಂಪ್ಯೂಟರಿಗೆ! ‘ಬೇಡ’ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಒಂಟಿಯಾಗಿ ನಿಂತಾಗ ಅದಕ್ಕೆ ಏಕವಚನ ಬಹುವಚನದ ಗೊಡವೆಯೇ ಇಲ್ಲ.

ಹೌದು, ಇಲ್ಲ ಎಂಬ ಜೋಡಿಯದೂ ಇಂಥದೇ ಪಾಡು. ‘ಅಳಿಸಬೇಕೆ?’ ಎಂದು ಕೇಳಿದರೆ ಕನ್ನಡದವರು ‘ಇಲ್ಲ’ ಎನ್ನುವುದಿಲ್ಲ, ‘ಬೇಡ’ ಎನ್ನುತ್ತಾರೆ. ‘ಸಾಕೆ?’ ಎಂದರೆ ‘ಸಾಕು’ ಅಥವಾ ‘ಸಾಲದು’. ‘ಗೊತ್ತೆ?’ ಎಂದರೆ ‘ಗೊತ್ತು’ ಅಥವಾ ‘ಗೊತ್ತಿಲ್ಲ’. ಕೇಳಿದ ಪದವೇ ಉತ್ತರವಾಗಿ ತಿರುಗಿ ಬರುತ್ತದೆ. ಗ್ನೋಮ್ ಎಂಬ ಮುಕ್ತ ಡೆಸ್ಕ್‌ಟಾಪಿನ ವಿನ್ಯಾಸ ಮಾರ್ಗಸೂಚಿಯೂ ಬಟನ್‌ಗಳಲ್ಲಿ ‘ಹೌದು’, ‘ಇಲ್ಲ’ ಎಂದು ಬರೆಯಬೇಡಿ, ಮಾಡುವ ಕೆಲಸವನ್ನೇ ಕ್ರಿಯಾಪದವಾಗಿ ಬರೆಯಿರಿ ಎನ್ನುತ್ತದೆ. ಇನ್ನೊಂದು ಮುಕ್ತ ಡೆಸ್ಕ್‌ಟಾಪ್ ಕೆಡಿಇಯವರು ತಂತ್ರಾಂಶ ಕಟ್ಟಲು ಕೊಡುವ ಕೋಡ್ ಸಂಗ್ರಹವಾದ ಕೆಡಿಇ ಫ್ರೇಮ್‌ವರ್ಕ್ಸ್ 5.100ರಲ್ಲಿ ಹೌದು-ಇಲ್ಲ ಕೇಳುವ ಹಳೆಯ ಫಂಕ್ಷನ್ನನ್ನು (ಡೈಲಾಗ್ ತೋರಿಸುವ ಕೋಡಿನ ತುಣುಕನ್ನು) ಬದಿಗಿಟ್ಟು, ಎರಡು ಬಟನ್‌ಗಳಿಗೂ ಬೇರೆ ಬೇರೆ ಪಠ್ಯ ಕೊಡಬೇಕಾದ ಫಂಕ್ಷನ್ ತಂದರು. ಅವರು ಮಾಡಿದ್ದು ಪ್ರಶ್ನೆ ಓದದೆ ಬಟನ್ ಒತ್ತುವವರಿಗಾಗಿ. ನಮಗೆ ಅನುವಾದದ ಕಷ್ಟವೂ ಕಡಿಮೆಯಾಯಿತು.

ಹಾಗಾದರೆ ಡೈಲಾಗುಗಳಲ್ಲೆಲ್ಲ ‘ಬೇಡ’ ಎಂದು ಹಾಕಿ ಮುಗಿಸಬಹುದಿತ್ತು. ಎಡವುವುದು ಒಂದು ಕಡೆ, ಅದೂ ಕೆಲಸ ಕಳೆದುಹೋಗುವಂಥ ಕಡೆಯಲ್ಲೇ. ಬರೆದದ್ದನ್ನು ಉಳಿಸದೆ ಕಿಟಕಿ ಮುಚ್ಚಲು ಹೊರಟಾಗ ‘ಬದಲಾವಣೆಗಳನ್ನು ಉಳಿಸಬೇಕೆ?’ ಎಂದು ಕೇಳುವ ಡೈಲಾಗಿನಲ್ಲಿ ಮೂರು ಬಟನ್‌ಗಳಿರುತ್ತವೆ: ಸೇವ್, ಡಿಸ್ಕಾರ್ಡ್, ಕ್ಯಾನ್ಸಲ್. ಈ ಪ್ರಶ್ನೆಯ ಕೆಳಗೆ ‘ಬೇಡ’ ಎಂದು ಬರೆದರೆ ಯಾರೇ ಆದರೂ ‘ಉಳಿಸುವುದು ಬೇಡ’ ಎಂದೇ ಓದುತ್ತಾರೆ. ನಿಜವಾಗಿ ಅದರ ಅರ್ಥ ‘ಮುಚ್ಚುವುದು ಬೇಡ’. ‘ರದ್ದುಮಾಡು’ ಎಂದರೂ ಗೊಂದಲ ತಪ್ಪುವುದಿಲ್ಲ: ಬದಲಾವಣೆಗಳನ್ನು ರದ್ದುಮಾಡುವುದೋ, ಮುಚ್ಚುವುದನ್ನು ರದ್ದುಮಾಡುವುದೋ? ಡಿಸ್ಕಾರ್ಡಿಗೆ ಕೆಲವರು ಬಳಸುವ ‘ತ್ಯಜಿಸು’ ರಾಜ್ಯ ಬಿಟ್ಟು ಕಾಡಿಗೆ ಹೊರಟವರ ಮಾತಿನಂತಿದೆ, ಅದನ್ನಂತೂ ಬಿಡೋಣ.

ಸದ್ಯಕ್ಕೆ ನಾನು ಹಾಕಿಕೊಂಡಿರುವುದು ‘ಉಳಿಸು’, ‘ಉಳಿಸದೆ ಮುಚ್ಚು’, ‘ಮುಚ್ಚಬೇಡ’. ಮೂರನೆಯದರ ಬಗ್ಗೆ ಅನುಮಾನವಿದೆ. ‘ಮರಳು’ ಎಂದರೆ ಕಟ್ಟಡದ ಸಾಮಗ್ರಿಯಾಗುತ್ತದೆ, ‘ಹಿಂದೆ’ ಎನ್ನುವುದನ್ನು ಹಿಂದಿನ ಪುಟಕ್ಕೆ ಹೋಗುವ ಬಾಣ ಆಗಲೇ ಹಿಡಿದುಕೊಂಡಿದೆ.

ಒಂದೇ ಮೂಲಪದಕ್ಕೆ ಬೇರೆ ಬೇರೆ ಅನುವಾದ ಸಾಧ್ಯವೇ ಎಂದು ಕೇಳುವವರಿಗೆ: ಸಾಧ್ಯ, ಆದರೆ ತಾನಾಗಿಯೇ ಆಗುವುದಿಲ್ಲ. ತಂತ್ರಾಂಶಗಳ ಅನುವಾದಕ್ಕೆ ಬಳಸುವ ಗೆಟ್‌ಟೆಕ್ಸ್ಟ್ ಎಂಬ ಸಲಕರಣೆಯ ಪಿಒ ಕಡತದಲ್ಲಿ (ಮೂಲಪದ, ಅದರ ಅನುವಾದ ಎಂದು ಜೋಡಿಸಿಟ್ಟ ಪಟ್ಟಿಯಲ್ಲಿ) ಒಂದು ಮೂಲಪದಕ್ಕೆ ಒಂದೇ ನಮೂದು. ಸಂದರ್ಭ ಸೂಚಿಸುವ ಸಾಲನ್ನು ಸೇರಿಸಿದರೆ ಅದೇ ಪದ ಎರಡು ನಮೂದಾಗುತ್ತದೆ, 2006ರ 0.15ನೇ ಆವೃತ್ತಿಯಿಂದ ಈ ಅನುಕೂಲವಿದೆ. ಕೆಡಿಇ ಕಡತಗಳಲ್ಲಿ ಇದು ಬಟನ್, ಇದು ಕಿಟಕಿಯ ಶೀರ್ಷಿಕೆ ಎಂಬ ಗುರುತು ಎಷ್ಟೋ ಕಡೆ ಸಿಗುತ್ತದೆ. ಇಲ್ಲದ ಕಡೆ ಅಭಿವೃದ್ಧಿಗಾರರನ್ನು ಕೇಳಿ ಹಾಕಿಸಿಕೊಳ್ಳಬೇಕು. ತಂತ್ರಾಂಶಗಳಿಗೆ ಕಿಟಕಿ, ಬಟನ್‌ಗಳನ್ನು ಒದಗಿಸುವ ಜಿಟಿಕೆ ಎಂಬ ಕೋಡ್ ಸಂಗ್ರಹದಲ್ಲಿ ಹಿಂದೆ ಎಲ್ಲ ತಂತ್ರಾಂಶಗಳೂ ಹಂಚಿಕೊಳ್ಳುತ್ತಿದ್ದ ಸಿದ್ಧ ಬಟನ್‌ಗಳಿದ್ದವು. ಅದರ 3.10ನೇ ಆವೃತ್ತಿಯಿಂದ ಅವನ್ನು ಕೈಬಿಡುವಂತೆ ಹೇಳಿದ್ದರಿಂದ ಈಗ ಪ್ರತಿ ತಂತ್ರಾಂಶವೂ ತನ್ನ ಕ್ಯಾನ್ಸಲ್ಲನ್ನು ತಾನೇ ಹೊತ್ತಿರುತ್ತದೆ. ಬೇಕೆಂದಲ್ಲಿ ಬೇರೆ ಪದ ಹಾಕುವ ಸ್ವಾತಂತ್ರ್ಯ ಬಂದಿದೆ, ಜೊತೆಗೆ ಒಬ್ಬೊಬ್ಬರು ಒಂದೊಂದು ಪದ ಹಾಕುವ ಅಪಾಯವೂ.

ಹಾಗಾಗಿ ಮೊದಲು ಇಲ್ಲಿ ಒಮ್ಮತವಾದರೆ ಒಳ್ಳೆಯದು. ಉಳಿಸದ ಬರಹದ ಡೈಲಾಗಿನಲ್ಲಿ ‘ಮುಚ್ಚಬೇಡ’ ಎಂದು ಕಂಡರೆ ನೀವು ಅದನ್ನು ಹೇಗೆ ಓದಿಕೊಳ್ಳುತ್ತೀರಿ: ನೀವು ಯಂತ್ರಕ್ಕೆ ಹೇಳುವ ಮಾತಾಗಿಯೋ, ಯಂತ್ರ ನಿಮ್ಮನ್ನು ಗದರಿಸಿದಂತೆಯೋ? ಎರಡನೆಯದಾದರೆ, ಬಟನ್ನಿನಲ್ಲಿ ಹಿಡಿಸುವಷ್ಟು ಚಿಕ್ಕದಾದ ಬೇರೆ ಪದ ಇದ್ದರೆ ತಿಳಿಸಿ.